ಇಲ್ಲದ ಸೋರಿಕೆ

ಅಪ್ಪಾ,

ತೀರಿಕೊಂಡವರಿಗೆ ಕಾಗದ ಬರೆಯೋದು ಹುಚ್ಚು ಅಂತ ಗೊತ್ತು. ಆದರೆ ಇವತ್ತಿನ ಕತೆ ಕೇಳಿ ಹೊಟ್ಟೆ ತುಂಬ ನಗುತ್ತಿದ್ದವನು ನೀನೊಬ್ಬನೇ.

ಶನಿವಾರ ಎಂಬಿಎ ಪ್ರವೇಶ ಪರೀಕ್ಷೆ. ಇವತ್ತು ಕೋಚಿಂಗ್ ಸೆಂಟರಿನಲ್ಲಿ ಕೊನೆಯ ಮಾಕ್ ಟೆಸ್ಟ್ ಇತ್ತು. ಇದರ ಬುದ್ಧಿಯೇ ವಿಚಿತ್ರ. ಉತ್ತರ ಸರಿಯಾದರೆ ಕಂಪ್ಯೂಟರ್ ಇನ್ನೂ ಕಷ್ಟದ ಪ್ರಶ್ನೆ ಕೊಡುತ್ತೆ, ತಪ್ಪಾದರೆ ಸುಲಭದ್ದು. ಹಾಗಾಗಿ ಸುಲಭದ ಪ್ರಶ್ನೆ ಕಂಡರೇ ನಮಗೆಲ್ಲ ಎದೆ ಧಸಕ್ಕೆನ್ನುತ್ತೆ.

ಇವತ್ತು ಬಂದದ್ದು ನಿನ್ನ ಕಸುಬಿನದೇ. ಒಂದು ನಲ್ಲಿ ತೊಟ್ಟಿಯನ್ನ ಮೂರು ಗಂಟೆಯಲ್ಲಿ ತುಂಬುತ್ತೆ, ಇನ್ನೊಂದು ಆರು ಗಂಟೆಯಲ್ಲಿ. ಎರಡನ್ನೂ ಒಟ್ಟಿಗೆ ಬಿಟ್ಟರೆ? ಎರಡು ಗಂಟೆ ಅಂತ ಓದುತ್ತಲೇ ಹೊಳೆಯಿತು. ಇಷ್ಟು ಸುಲಭದ್ದು ಬಂತು ಅಂದರೆ ಹಿಂದಿನದೆಲ್ಲ ಕೆಡಿಸಿದ್ದೀನಿ ಅನ್ನಿಸಿತು. ಇಲ್ಲ, ಇದರಲ್ಲೇನೋ ಮೋಸ ಇರಬೇಕು ಅಂದುಕೊಂಡು, ಪ್ಲಂಬರ್ ಮಗಳು ನೋಡು, ಆ ತೊಟ್ಟಿಯಲ್ಲಿ ಇಲ್ಲದ ಸೋರಿಕೆ ಹುಡುಕುತ್ತಾ ಕೂತೆ. ಹೊತ್ತು ಮುಗಿದು ಕೊನೆಯ ಪ್ರಶ್ನೆಗಳು ಹಾಗೇ ಉಳಿದವು.

"ಸುಲಭದ್ದು ಕೇಳಿದ್ರೆ ಉತ್ತರ ಹೇಳಿ ಮುಂದೆ ಹೋಗಮ್ಮ, ಅದಕ್ಯಾಕೆ ಇಷ್ಟು ಒದ್ದಾಟ?" ಅಂತ ಮೇಷ್ಟ್ರು ರೇಗಿದರು.

ಬಸ್ಸಿನಲ್ಲಿ ಬರುವಾಗ ದಾರಿಯುದ್ದಕ್ಕೂ ಅದೇ ಮಾತು ತಲೆ ಕೊರೆಯುತ್ತಿತ್ತು. ಕೊನೆಯ ಸಲ ಫೋನ್ ಮಾಡಿದಾಗ ನೀನೂ ಒಂದೇ ಒಂದು ಪ್ರಶ್ನೆ ಕೇಳಿದ್ದೆ, "ಊಟ ಆಯ್ತೇನಮ್ಮಾ?" ಅಂತ. "ಓದ್ತಾ ಇದ್ದೀನಪ್ಪ, ಆಮೇಲೆ ಮಾತಾಡ್ತೀನಿ" ಅಂದೆ.

ಇನ್ನೂ ಆಗಿಲ್ಲಪ್ಪ. ತಟ್ಟೆ ಮುಂದೇ ಇದೆ.

ನಿಂದು ಆಯ್ತಾ?