ತೋಮನ ಬೆರಳು, ನಿಮ್ಮ ಕಿಸೆ

ನೋಡ್ರಿ,

ರವಿವಾರ ಆದ್ರೂ ನಂಗ ದವಾಖಾನಿ ಡ್ಯೂಟಿ ಐತಿ. ನೀವು ಏಳೂದ್ರಾಗ ಜಮಖಂಡಿ ಬಸ್ಸಿಗೆ ಹೊಂಟೇನಿ. ರೊಟ್ಟಿ ಬುಟ್ಟ್ಯಾಗ ಅದಾವ, ಬದನಿಕಾಯಿ ಪಲ್ಯಾ ಬಿಸಿ ಮಾಡ್ಕೋರಿ. ನಳಾ ಬಂದ್ರ ಮೊದಲ ಕುಡಿಯೂ ನೀರು ತುಂಬ್ರಿ, ಹೋದ ವಾರದಂಗ ಮರೀಬ್ಯಾಡ್ರಿ.

ಸಂಜೀಕ ಪ್ರಾರ್ಥನಾ ಕೂಟಕ್ಕ ಬಿಳಿ ಅಂಗಿ ಇಸ್ತ್ರಿ ಮಾಡಿ ಗೂಟಕ್ಕ ಹಾಕೇನಿ.

ಇನ್ನೊಂದು ಮಾತು. ನೀವು ಮಲಗಿದ್ದಾಗ ನಿಮ್ಮ ನಿನ್ನಿ ಅಂಗಿ ಕಿಸೆ ಹುಡುಕಿದೆ. ಗುಟಕಾ ಬಿಟ್ಟೇನಿ ಅಂತ ಈಸ್ಟರ್‌ದಿಂದ ಹೇಳಾಕತ್ತೀರಿ, ನಾನೂ ಹೂಂ ಅನ್ನಾಕತ್ತೇನಿ. ಆದ್ರ ಅಂಗಿ ಒಗ್ಯಾಕ ತಗೊಂಡಾಗ ಕಾಗದದ ಸಪ್ಪಳಾ ಕೇಳಿ ತಡಕೊಳ್ಳಾಕ ಆಗಲಿಲ್ಲ. ಪುಡಿಕಿ ಬಿಚ್ಚಿದ್ರ ಬರೇ ಬಡೇಸೋಪಿನ ಕಾಳು, ಗುಟಕಾದ ಬದಲಿ ಅಗ್ಯಾಕ.

ಇವತ್ತ ಕೂಟದಾಗ ನೀವು ಬೈಬಲ್‌ದಾಗಿನ ಶಿಷ್ಯ ತೋಮನ ವಚನ ಓದೋರಿದ್ದೀರಿ. ಸತ್ತು ಎದ್ದು ಬಂದ ಸ್ವಾಮಿಯ ಗಾಯದಾಗ ಬೆರಳಿಡದ ನಂಬಾಂಗಿಲ್ಲ ಅಂದನಲ್ಲ, ಅವನ್ನ ಭಾಳ ಬೈಬ್ಯಾಡ್ರಿ. ಅಂವ ತನ್ನ ಸಂಶಯಾ ಎಲ್ಲಾರ ಮುಂದ ಬಾಯಿಬಿಟ್ಟು ಹೇಳಿದ. ನಾ ಕಳ್ಳರಂಗ ಕಿಸೆದಾಗ ಕೈ ಹಾಕಿದೆ. ಈಗೂ ನಿಮ್ಮ ಮಾರಿ ನೋಡಲಾರದ ಚೀಟಿ ಬರದು ಹೊಂಟೇನಿ.

ಪುಡಿಕ್ಯಾಗ ಬಡೇಸೋಪು ಮುಗ್ಯಾಕ ಬಂದಿತ್ತು. ಹೊಸಾದು ಹುರದು ಬಿಳಿ ಅಂಗಿ ಕಿಸೆದಾಗ ಇಟ್ಟೇನಿ.

ಸುವಾರ್ತಾ