ತಿರುವಿನ ಗುಲಾಬಿ ಗುರುತು

ಸೆಪ್ಟೆಂಬರ್ 8, ಭಾನುವಾರ. ಸಂಜೆ 5

ಮೂರೂ ಮರಿ ಹಾಲು ಕುಡಿದವು. ದೊಡ್ಡದು ನಲವತ್ತು ಮಿಲಿ, ನಡುವಿನದು ಮೂವತ್ತು, ಚಿಕ್ಕದು ಹಟ ಮಾಡಿ ಮಾಡಿ ಹದಿನೆಂಟು. ಬಾಟಲಿಯ ರಬ್ಬರ್ ಮತ್ತೆ ಹರಿದಿದೆ. ಕುರ್ಚಿಯ ಬೆನ್ನಿಗೆ ಮೂರು ಚೀಲ ತೂಗುಹಾಕಿದೆ. ಬೆಕ್ಕಿನಷ್ಟು ದೊಡ್ಡ ಪಾಸಮ್‌ಗೂ ಕಾಂಗರೂ ಹಾಗೆ ಹೊಟ್ಟೆಚೀಲ; ಆ ತಾಯಿಚೀಲ ಕಳೆದುಕೊಂಡ ಮರಿಗಳಿಗೆ ನನ್ನ ಹಳೇ ಫ್ಲಾನೆಲ್ ಪೈಜಾಮದ ಚೀಲ. ಯಾವ ಮರಿಯೂ ಇದುವರೆಗೆ ದೂರು ಹೇಳಿಲ್ಲ.

ಬೆಳಿಗ್ಗೆ ಊರಿನ ಹಾಲ್‌ನಲ್ಲಿ ಪ್ರಾಣಿ ರಕ್ಷಣೆಗೆ ಬಂದ ಹೊಸಬರಿಗೆ ತರಬೇತಿ. ಐದು ಜನ. ಅದೇ ಪಾಠ, ಹದಿನೆಂಟನೇ ವರ್ಷ. ರಸ್ತೆಯಲ್ಲಿ ಸತ್ತ ಪ್ರಾಣಿ ಕಂಡರೆ ಕಾರು ನಿಲ್ಲಿಸಿ. ಹೆಣ್ಣಾಗಿದ್ದರೆ ಹೊಟ್ಟೆಚೀಲದೊಳಗೆ ಕೈ ಹಾಕಿ ನೋಡಿ. ತಾಯಿ ಸತ್ತರೂ ಮರಿ ಒಳಗೆ ಎರಡು ಮೂರು ದಿನ ಜೀವ ಹಿಡಿದುಕೊಂಡಿರಬಹುದು. ನೋಡಿ ಆದ ಮೇಲೆ ಹೆಣವನ್ನು ಬದಿಗೆ ಎಳೆದು, ಬೆನ್ನ ಮೇಲೆ ಗುಲಾಬಿ ಬಣ್ಣದ ಸ್ಪ್ರೇಯಲ್ಲಿ ಇಂಟು ಗುರುತು ಹಾಕಿ. ಯಾರೋ ನೋಡಿದ್ದಾರೆ, ಹಿಂದಿನಿಂದ ಬರುವವರು ಮತ್ತೆ ನಿಲ್ಲಿಸುವುದು ಬೇಡ ಅಂತ.

ಟಮ್ಸಿನ್ ಅಂತ ಒಬ್ಬ ಮೇಡಂ, ಶಾಲೆಯಲ್ಲಿ ಪಾಠ ಹೇಳುವವಳು, ಕೈ ಎತ್ತಿ ಕೇಳಿದಳು. "ಗ್ವೆಂಡಾ, ಯಾರಾದ್ರೂ ನೋಡ್ದೇನೇ ಬಣ್ಣ ಹೊಡೆದ್ರೆ?"

"ಅಂಥೋರು ಈ ಕೆಲಸಕ್ಕೇ ಬರಬಾರದು ಕಣಮ್ಮ," ಅಂದೆ. ಎಲ್ಲರೂ ನಕ್ಕರು. ನಾನೂ ನಕ್ಕೆ.

ವಾಪಸು ಬರುವಾಗ ಪಕ್ಕದ ಸೇಬಿನ ತೋಟದ ನೋಯೆಲ್ ಬೇಲಿ ಬಿಗಿಯುತ್ತಿದ್ದ. "ಏನೇ ಗ್ವೆಂಡಾ, ನಿನ್ನ ಮೊಮ್ಮಕ್ಕಳು ನಿನ್ನೆ ನನ್ನ ಮೊಗ್ಗೆಲ್ಲ ಮೆದ್ದು ಹೋದ್ವು. ಹಾಲು ನಿನ್ನ ಮನೇಲಿ, ಊಟ ನನ್ನ ಮನೇಲಿ."

"ಬೇಲಿ ನೆಟ್ಟಗೆ ಕಟ್ಟೋಕೆ ಬರಲ್ಲ, ನನ್ನ ಮೊಮ್ಮಕ್ಕಳನ್ನ ಬೈತೀಯಾ."

ನಾನು ಬೆಳೆಸಿ ಬಿಟ್ಟ ಪಾಸಮ್‌ಗಳ ಮೇಲೆ ಹದಿನೆಂಟು ವರ್ಷದಿಂದ ಇದೇ ಜಗಳ. ಪರವಾನಗಿ ಇಟ್ಟುಕೊಂಡು ಪಾಸಮ್‌ಗಳಿಗೆ ಗುಂಡು ಹೊಡೆಯುತ್ತಾನೆ. ಹೊಡೆದ ಮೇಲೆ, ನಾನು ಕಲಿಸಿದ ಹಾಗೆಯೇ, ಚೀಲಕ್ಕೆ ಕೈ ಹಾಕಿ ನೋಡುತ್ತಾನೆ. ಮರಿ ಸಿಕ್ಕರೆ ಉಣ್ಣೆ ಟೋಪಿಯಲ್ಲಿ ಸುತ್ತಿ ತಂದು ನನ್ನ ವರಾಂಡದಲ್ಲಿ ತಲೆ ತಗ್ಗಿಸಿ ನಿಲ್ಲುತ್ತಾನೆ. ಈಗಿರುವ ಮೂರರಲ್ಲಿ ಎರಡು ಅವನು ತಂದವೇ. ಇಂಥ ಮನುಷ್ಯನನ್ನು ಏನೆನ್ನಬೇಕೋ ನನಗಿನ್ನೂ ಗೊತ್ತಾಗಿಲ್ಲ.

ಸೆಪ್ಟೆಂಬರ್ 9, ಸೋಮವಾರ. ಬೆಳಿಗ್ಗೆ 7.30

ಟಿಲ್ಲಿ ಸತ್ತುಹೋದಳು.

ಮನೆಯ ಕೆಳಗಿನ ತಿರುವಿನಲ್ಲಿ ಬಿದ್ದಿದ್ದಳು. ಯಾವುದೋ ಕಾರು ಬಡಿದಿದೆ. ಸೀಳಿದ ಎಡಗಿವಿ... ಬೇರೆ ಪಾಸಮ್ ಇರಲಿ ದೇವರೇ ಅಂದುಕೊಂಡೇ ಹತ್ತಿರ ಹೋದೆ. ಅವಳೇ.

ಎಂಟು ವರ್ಷದ ಹಿಂದೆ ಅಂಗೈಯಷ್ಟಿದ್ದಾಗ ಬಂದವಳು. ಹಾಲು ಕುಡಿಸಿ, ಬೆಳೆಸಿ, ಕಾಡಿಗೆ ಬಿಟ್ಟರೆ ಕಾಡಿಗೆ ಹೋಗಲಿಲ್ಲ. ನನ್ನ ಶೆಡ್ಡಿನ ಮಾಡಿನಲ್ಲೇ ಸಂಸಾರ ಹೂಡಿದಳು. ಹೊತ್ತು ಮುಳುಗಿದರೆ ವರಾಂಡದ ಜಾಲರಿ ಬಾಗಿಲನ್ನು ಉಗುರಿನಿಂದ ಎಳೆಯುತ್ತಿದ್ದಳು. ಸೇಬಿನ ಹೋಳು ಕೊಡುವವರೆಗೂ ಬಿಡುತ್ತಿರಲಿಲ್ಲ. ಈಗಷ್ಟೇ ಮುಗಿದ ಚಳಿಗಾಲ ಪೂರ್ತಿ ಬಾಗಿಲಿಗೆ ಬರಲಿಲ್ಲ. ವಯಸ್ಸಾಯಿತು, ಓಡಾಟ ಕಡಿಮೆ ಮಾಡಿದ್ದಾಳೆ ಅಂದುಕೊಂಡಿದ್ದೆ.

ಕೈಗವಸು ಹಾಕಿಕೊಂಡೆ. ಮಂಡಿಯೂರಿದೆ. ಆಗಲಿಲ್ಲ. ನೂರಾರು ಹೆಣಗಳೊಳಗೆ ಹೋದ ಕೈ, ಇವಳ ಹೊಟ್ಟೆಯ ಹತ್ತಿರ ಹೋಗಿ ನಿಂತುಬಿಟ್ಟಿತು. ಮುದುಕಿ, ಕಳೆದ ವರ್ಷವೇ ಮರಿ ಇರಲಿಲ್ಲ, ಈ ವರ್ಷ ಎಲ್ಲಿಂದ ಬರಬೇಕು — ಅಂತ ನನಗೆ ನಾನೇ ಹೇಳಿಕೊಂಡೆ. ಹುಲ್ಲಿಗೆ ಎಳೆದೆ. ಬಣ್ಣ ಹೊಡೆದೆ. ಇಂಟು ಸೊಟ್ಟಗಾಯಿತು.

ಮನೆಗೆ ತಂದು ಹೂಳಬೇಕಿತ್ತು. ಅದಕ್ಕೂ ಧೈರ್ಯ ಬರಲಿಲ್ಲ. ನಾಳೆ ಹೂಳುತ್ತೇನೆ.

ಸೆಪ್ಟೆಂಬರ್ 14, ಶನಿವಾರ. ಮಧ್ಯಾಹ್ನ

ಬರೆಯಲೇಬೇಕು. ಬೇರೆ ಯಾರಿಗೂ ಹೇಳುವ ಹಾಗಿಲ್ಲ.

ಹತ್ತು ಗಂಟೆಗೆ ನೋಯೆಲ್ ಏಣಿ ವಾಪಸು ಕೊಡಲು ಬಂದ. ಹೆಂಡತಿ ಲೋರ್ನಾ ಪಿಕಪ್‌ನಲ್ಲೇ ಕೂತಿದ್ದಳು. ಏಣಿ ಗೋಡೆಗೆ ಒರಗಿಸಿ, ಹೋಗದೆ ಅಲ್ಲೇ ನಿಂತ.

"ಬುಧವಾರ ಸಂಜೆ ಟ್ರೇಲರ್ ಹಾಕ್ಕೊಂಡು ಬರ್ತಿದ್ನಾ. ತಿರುವಿನ ಹತ್ರ ನಿಧಾನ ಮಾಡಿದಾಗ ಚಿಕ್ ಚಿಕ್ ಅಂತ ಸದ್ದು. ಮರಿ ಕೂಗೋದು. ನಿಲ್ಲಿಸಿ ಇಳಿದೆ. ನೋಡಿದ್ರೆ ಸತ್ತ ಪಾಸಮ್ ಬೆನ್ನ ಮೇಲೆ ನಿನ್ನ ಗುಲಾಬಿ ಗುರುತು. ಸರಿ, ಗ್ವೆಂಡಾ ನೋಡಿದ್ದಾಳೆ ಅಂತ ಹೊರಟುಬಿಟ್ಟೆ. ಆಮೇಲಿಂದ ಒಂಥರಾ ಕೊರೀತಾ ಇದೆ. ನೀನು ನೋಡಿದ್ದೆ ತಾನೇ?"

"ನೋಡಿದ್ದೆ. ಏನೂ ಇರಲಿಲ್ಲ."

ಎಷ್ಟು ಸಲೀಸಾಗಿ ಬಂತು ಬಾಯಿಗೆ. ಉಸಿರು ಕೂಡ ತೆಗೆದುಕೊಳ್ಳಲಿಲ್ಲ ನಾನು.

"ಮತ್ತೆ ಆ ಸದ್ದು?"

"ಯಾವುದೋ ಹಕ್ಕಿ ಇರಬೇಕು."

"ಹಕ್ಕಿ ಅಲ್ಲ ಕಣೇ. ಎಷ್ಟು ಮರಿ ತಂದುಕೊಟ್ಟಿದ್ದೀನಿ ನಿಂಗೆ. ನಂಗೆ ಗೊತ್ತಾಗಲ್ವಾ?"

ಲೋರ್ನಾ ಕಿಟಕಿಯಿಂದ ತಲೆ ಹಾಕಿದಳು. "ಈಚೆಗೆ ಅವನಿಗೆ ಇಲ್ಲದ್ದೆಲ್ಲ ಕೇಳಿಸುತ್ತೆ ಬಿಡು. ನಾನು ಕರೆದಿದ್ದೊಂದು ಕೇಳಿಸಲ್ಲ." ನಾನು ನಕ್ಕೆ. ಅವನು ನಗಲಿಲ್ಲ.

ನಾಳೆ ಹೂಳುತ್ತೇನೆ ಅಂದವಳು ಐದು ದಿನ ಆ ಕಡೆ ತಲೆ ಹಾಕಿರಲಿಲ್ಲ. ಅವರು ಹೋದ ಮೇಲೆ ತಿರುವಿಗೆ ಓಡಿದೆ. ಚಪ್ಪಲಿಯಲ್ಲೇ. ಟಿಲ್ಲಿಯ ಕಣ್ಣುಗಳನ್ನು ಕಾಗೆಗಳು ತಿಂದಿದ್ದವು. ಕೈ ಹಾಕಿದೆ.

ಇತ್ತು. ಗಂಡು. ಮೈತುಂಬ ತುಪ್ಪಳ ಬಂದಿತ್ತು, ಕಣ್ಣು ಬಿಟ್ಟಿತ್ತು. ಒಂದು ಗೀರೂ ಇಲ್ಲ. ಬಾಯಲ್ಲಿ ಇನ್ನೂ ತಾಯಿಯ ಮೊಲೆ. ಹೊಟ್ಟೆ ಬೆನ್ನಿಗೆ ಹತ್ತಿಕೊಂಡಿತ್ತು. ಸತ್ತು ಒಂದೆರಡು ದಿನ, ಅದಕ್ಕಿಂತ ಹೆಚ್ಚಿಲ್ಲ. ನೋಯೆಲ್ ಕೇಳಿದ್ದು ಇದನ್ನೇ.

ಇಬ್ಬರನ್ನೂ ಪ್ಲಮ್ ಮರದ ಕೆಳಗೆ ಹೂತೆ. ಕೈ ಎಷ್ಟು ತೊಳೆದರೂ ಸಾಲದು.

ಸೆಪ್ಟೆಂಬರ್ 15, ಭಾನುವಾರ. ಬೆಳಿಗ್ಗೆ 5.40

ಹಾಲು ಬಿಸಿ ಮಾಡುತ್ತಿದ್ದೆ. ಪಕ್ಕದ ಕೋಣೆಯಿಂದ ಹಸಿವಿನ ಕೂಗು. ಹದಿನೆಂಟು ವರ್ಷದ ಅಭ್ಯಾಸ, ನೋಡದೆಯೇ ದನಿ ಎಣಿಸುತ್ತೇನೆ. ಒಂದು, ಎರಡು, ಮೂರು. ನಾಲ್ಕು.

ಹೋಗಿ ದೀಪ ಹಾಕಿದೆ. ಮೂರು ಚೀಲ. ಮೂರು ಮರಿ. ಎಲ್ಲವೂ ಸುಮ್ಮನೆ ನನ್ನನ್ನೇ ನೋಡಿದವು.

ಸೆಪ್ಟೆಂಬರ್ 19, ಗುರುವಾರ

ಲೋರ್ನಾ ಬಂದು ಅಡುಗೆಮನೆಯಲ್ಲಿ ಕೂತಳು. ಚಹಾ ಮುಟ್ಟಲಿಲ್ಲ.

"ನೋಯೆಲ್ ನಿದ್ದೇನೇ ಮಾಡ್ತಿಲ್ಲ ಕಣೇ. ಗ್ವೆಂಡಾ ನೋಡಿ ಏನೂ ಇಲ್ಲ ಅಂದ್ಲು, ನಂಗೆ ಮಾತ್ರ ಚೆನ್ನಾಗಿ ಕೇಳಿಸ್ತು, ಹಾಗಾದ್ರೆ ಅಪ್ಪನ ಥರಾನೇ ಆಗ್ತಿದೆ ನಂಗೂ — ಇದೊಂದೇ ಮಾತು ಬೆಳಿಗ್ಗೆಯಿಂದ ರಾತ್ರಿವರೆಗೂ."

ನೋಯೆಲ್‌ನ ಅಪ್ಪ ಮರ್ವ್‌ನ ಕೊನೆಗಾಲ ನನಗೂ ನೆನಪಿದೆ. ಗೋಡೆಯೊಳಗೆ ನಾಯಿಮರಿ ಅಳುತ್ತಿದೆ ಅಂತ ಸುತ್ತಿಗೆ ತಂದು ಮಲಗುವ ಕೋಣೆಯ ಗೋಡೆ ಒಡೆದಿದ್ದ. ಆಮೇಲೆ ಹೆಂಡತಿಯ ಗುರುತೂ ಸಿಗಲಿಲ್ಲ. ನೋಯೆಲ್ ಪ್ರತಿ ಭಾನುವಾರ ಹೋಗಿ ಅಪ್ಪನ ಗಡ್ಡ ಬೋಳಿಸಿ ಬರುತ್ತಿದ್ದ.

"ವಯಸ್ಸಾದ್ಮೇಲೆ ಎಲ್ಲರಿಗೂ ಏನೋ ಒಂದು ಕೇಳಿಸುತ್ತೆ," ಅಂದೆ.

"ನೀನು ಸುಳ್ಳು ಹೇಳೋಳಲ್ಲ ಅಂತ ಅವನಿಗೆ ಗೊತ್ತು. ಅದಕ್ಕೇ ಇಷ್ಟು ಹೆದರಿದ್ದಾನೆ."

ಅಲ್ಲೇ ಹೇಳಿಬಿಡಬೇಕಿತ್ತು. ಬಿಸ್ಕತ್ತು ತಗೋ ಅಂದೆ.

ಸೆಪ್ಟೆಂಬರ್ 22, ಭಾನುವಾರ. ಸಂಜೆ

ಟಮ್ಸಿನ್ ಒಂದು ಮರಿ ತಂದಳು. ಅವಳ ಮೊದಲನೆಯದು. ಮುಖ ಹೊಳೆಯುತ್ತಿತ್ತು. "ಮೂರು ಸಲ ನೋಡಿದೆ ಗ್ವೆಂಡಾ. ಮೊದಲ ಎರಡು ಸಲ ಸಿಗಲೇ ಇಲ್ಲ. ನೀವು ಹೇಳಿದ್ದು ನೆನಪಾಗಿ ಇನ್ನೊಂದು ಸಲ ಕೈ ಹಾಕಿದೆ, ಅಷ್ಟೇ."

ಒಳ್ಳೆಯ ಕೆಲಸ ಅಂದೆ. ಅವಳ ಕಣ್ಣು ತಪ್ಪಿಸಿ ಅಂದೆ.

ಈಗ ಕುರ್ಚಿಯ ಬೆನ್ನಿಗೆ ನಾಲ್ಕು ಚೀಲ. ಕೇಳಿಸುವುದು ಐದು. ಹೊತ್ತು ಮುಳುಗುವಾಗ ವರಾಂಡದ ಜಾಲರಿಯನ್ನು ಯಾರೋ ಎಳೆದ ಹಾಗಾಯಿತು. ಹೋಗಿ ನೋಡಿದೆ. ಕೆಳಗೆ ಹುಲ್ಲಿನಲ್ಲಿ ಎರಡು ವಾಲಬಿ, ಚಿಕ್ಕ ಜಾತಿಯ ಕಾಂಗರೂ, ಮೇಯುತ್ತಿದ್ದವು, ತಲೆ ಎತ್ತಿ ನೋಡಿ ಮತ್ತೆ ಮೇಯತೊಡಗಿದವು. ಮೆಟ್ಟಿಲ ಮೇಲೆ ಯಾರೂ ಇಲ್ಲ.

ಸೇಬಿನ ಹೋಳು ಇಟ್ಟು ಬಂದೆ. ಯಾಕೆ ಇಟ್ಟೆನೋ. ಬೆಳಿಗ್ಗೆ ಅದು ಅಲ್ಲಿ ಇದ್ದರೂ ಭಯ, ಇಲ್ಲದಿದ್ದರೂ ಭಯ.

ಸೆಪ್ಟೆಂಬರ್ 27, ಶುಕ್ರವಾರ

ನೋಯೆಲ್ ಡಾಕ್ಟರ ಹತ್ತಿರ ಹೋಗಿಬಂದ. ಗಡಿಯಾರದ ಚಿತ್ರ ಬರೆಸಿದರಂತೆ, ನೂರರಿಂದ ಹಿಂದಕ್ಕೆ ಎಣಿಸಲು ಹೇಳಿದರಂತೆ. ಎಲ್ಲ ಸರಿಯಾಗಿಯೇ ಮಾಡಿದ್ದಾನೆ. ಕೊನೆಗೆ ತಾನೇ ಬಾಯಿಬಿಟ್ಟು, ಇಲ್ಲದ ಮರಿಯ ಕೂಗು ಕೇಳಿಸುತ್ತೆ ಅಂದಿದ್ದಾನೆ. ತಲೆಯ ಸ್ಕ್ಯಾನ್‌ಗೆ ಹೋಬಾರ್ಟ್‌ನ ದೊಡ್ಡಾಸ್ಪತ್ರೆಗೆ ಬರೆದುಕೊಟ್ಟಿದ್ದಾರೆ. ಅಲ್ಲಿವರೆಗೆ ಗಾಡಿ ಓಡಿಸಬಾರದು.

ಬಂದೂಕು ಮಾತ್ರ ಯಾರೂ ಕೇಳದೆ ತಾನೇ ಹೋಗಿ ಪೊಲೀಸರಿಗೆ ಒಪ್ಪಿಸಿದನಂತೆ. ಇಲ್ಲದ್ದು ಕೇಳಿಸುವವನ ಕೈಯಲ್ಲಿ ಬಂದೂಕು ಇರಬಾರದು ಅಂದನಂತೆ. ಲೋರ್ನಾ ಫೋನಿನಲ್ಲಿ ಅತ್ತಳು.

ಹದಿನೆಂಟು ವರ್ಷ ಅವನ ಬಂದೂಕಿನ ಬಾಯಿ ಮುಚ್ಚಲಿ ಅಂತ ಬೇಡಿಕೊಂಡವಳು ನಾನು. ಮುಚ್ಚಿತು.

ಅಕ್ಟೋಬರ್ 1, ಮಂಗಳವಾರ

ಹೇಳಿಯೇ ಬರುತ್ತೇನೆ ಅಂತ ಹೊರಟೆ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಹೋದೆ. ಬಾಗಿಲು ತೆಗೆದವಳು ಲೋರ್ನಾ. ನನ್ನ ಎರಡೂ ಕೈ ಹಿಡಿದುಕೊಂಡಳು.

"ನೀನೊಬ್ಬಳು ಮುಲಾಜಿಲ್ಲದೆ ನಿಜ ಹೇಳಿದೆಯಲ್ಲ, ಅದಕ್ಕೇ ಬೇಗ ಗೊತ್ತಾಯ್ತು. ಬೇರೆ ಯಾರಾದ್ರೂ ಆಗಿದ್ರೆ ಅವನ ಮನಸ್ಸಿಗೆ ಹಿತವಾಗಲಿ ಅಂತ, ಹೌದಪ್ಪ ಇತ್ತು, ಅಂದುಬಿಡೋರು."

ಕ್ವಿನ್ಸ್ ಹಣ್ಣಿನ ಜಾಮ್ ಒಂದು ಬಾಟಲಿ ಕೈಗಿಟ್ಟಳು. ಒಳಗೆ ನೋಯೆಲ್ ಕುರ್ಚಿಯಲ್ಲಿ ಕೂತಿದ್ದ, ಹಗಲು ಹೊತ್ತಿನಲ್ಲಿ, ತೋಟದಲ್ಲಿ ಅಷ್ಟು ಕೆಲಸ ಬಿದ್ದಿರುವಾಗ. ನನ್ನ ಕಡೆ ಕೈ ಎತ್ತಿದ. ಮೊಮ್ಮಕ್ಕಳ ಬಗ್ಗೆ ಒಂದು ಕುಹಕವೂ ಬರಲಿಲ್ಲ.

ಜಾಮ್ ತಗೊಂಡು ವಾಪಸು ಬಂದೆ. ಥೂ, ಏನು ಜನ್ಮ ನನ್ನದು.

ಅಕ್ಟೋಬರ್ 6, ಭಾನುವಾರ. ಸಂಜೆ

ಬೇಸಿಗೆಗೆಂದು ಇವತ್ತಿನಿಂದ ಊರಿನ ಗಡಿಯಾರವೆಲ್ಲ ಒಂದು ಗಂಟೆ ಮುಂದೆ. ಸಂಜೆ ಉದ್ದವಾಗಿದೆ. ಇನ್ನೂ ಬೆಳಕಿದೆ.

ಹೇಳಿದೆ.

ನೋಯೆಲ್ ಹಣ್ಣು ಪ್ಯಾಕ್ ಮಾಡುವ ಶೆಡ್ಡಿನ ಮೆಟ್ಟಿಲ ಮೇಲೆ ಒಬ್ಬನೇ ಕೂತಿದ್ದ. ಕೂತುಕೊಳ್ಳಲಿಲ್ಲ ನಾನು. ಕೂತರೆ ಮಾತು ಬರುವುದಿಲ್ಲ ಅಂತ ಗೊತ್ತಿತ್ತು.

"ನೋಯೆಲ್, ನೀನು ಕೇಳಿದ್ದು ನಿಜ. ಮರಿ ಇತ್ತು. ನಾನು ಕೈ ಹಾಕಿ ನೋಡಿರಲಿಲ್ಲ. ಅದು ನಮ್ಮ ಟಿಲ್ಲಿ. ಆಗಲಿಲ್ಲ ನಂಗೆ. ನೋಡದೆ ಗುರುತು ಹಾಕಿಬಿಟ್ಟೆ."

"ನೋಡಿದ್ದೆ ಅಂದ್ಯಲ್ಲ."

"ಸುಳ್ಳು ಹೇಳಿದೆ. ನೀನು ಹೋದ ಮೇಲೆ ಹೋಗಿ ನೋಡಿದೆ. ಅಷ್ಟರಲ್ಲಿ ಸತ್ತಿತ್ತು."

"ಅಂದ್ರೆ ನನ್ನ ತಲೆ ನೆಟ್ಟಗೇ ಇದೆ."

"ನೆಟ್ಟಗೇ ಇದೆ. ಅಪ್ಪನ ಥರಾ ಏನೂ ಆಗಿಲ್ಲ ನಿಂಗೆ."

ಬೈಯುತ್ತಾನೆ ಅಂದುಕೊಂಡಿದ್ದೆ. ಬೈದಿದ್ದರೆ ಚೆನ್ನಾಗಿತ್ತು. ಇಲ್ಲಾ ಉಸಿರು ಬಿಟ್ಟು ಹಗುರಾಗುತ್ತಾನೆ ಅಂತ, ನಿಜ ಹೇಳಬೇಕೆಂದರೆ, ಆಸೆಪಟ್ಟಿದ್ದೆ. ಅವನು ತನ್ನ ಎರಡು ಕೈಗಳನ್ನು ಮಗುಚಿ ಮಗುಚಿ ನೋಡಿಕೊಂಡ.

"ಅದು ಕೂಗ್ತಾ ಇತ್ತು. ನಾನು ಗಾಡಿ ನಿಲ್ಲಿಸಿ, ಇಳಿದು, ಪಕ್ಕದಲ್ಲೇ ನಿಂತು, ಕೇಳಿಸ್ಕೊಂಡೂ ಬಿಟ್ಟು ಬಂದೆ."

"ಅದು ನಿನ್ನ ತಪ್ಪಲ್ಲ. ಗುರುತು ಹಾಕಿದ್ದು ನಾನು."

"ಕಿವಿ ನಂದಲ್ವಾ." ಆಮೇಲೆ ಅಂದ, "ತಲೆ ಕೆಟ್ಟಿದೆ ಅಂದ್ಕೊಂಡಿದ್ದಾಗ್ಲೇ ವಾಸಿ ಇತ್ತು ಕಣೇ. ಮರಿ ಇರ್ಲಿಲ್ಲ ಅನ್ನೋದಾದ್ರೂ ಇತ್ತು."

ಹಿಂದೆ ಲೋರ್ನಾ ನಿಂತಿದ್ದಳು. ಯಾವಾಗ ಬಂದಳೋ. ಎಲ್ಲ ಕೇಳಿಸಿಕೊಂಡಿದ್ದಾಳೆ. ನನ್ನ ಮುಖ ನೋಡದೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಹೊರಡುವಾಗ ನೋಯೆಲ್ ಇನ್ನೊಂದು ಮಾತು ಕೇಳಿದ. ಅದಕ್ಕೆ ನಾನು ಉತ್ತರ ಕೊಟ್ಟೆ. ಅದನ್ನು ಇವತ್ತು ಬರೆಯಲಾರೆ.

ಅಕ್ಟೋಬರ್ 8, ಮಂಗಳವಾರ. ಬೆಳಿಗ್ಗೆ 5.40

ನಾಲ್ಕೂ ಕುಡಿದವು. ಐದನೆಯದು ನಿಂತಿಲ್ಲ.

ನಿನ್ನೆ ಹಾಲ್‌ನ ಕಮಿಟಿಯವರಿಗೆ ಫೋನ್ ಮಾಡಿ ನಡೆದದ್ದೆಲ್ಲ ಹೇಳಿದೆ. ತರಬೇತಿ ಇನ್ನು ಟಮ್ಸಿನ್ ಕೊಡಲಿ ಅಂದೆ. ಅದು ಕಷ್ಟವಾಗಲಿಲ್ಲ. ಇದು ಕಷ್ಟ.

ಅವನು ಕೇಳಿದ್ದು ಇಷ್ಟು. "ಅವತ್ತು ನಾನು ಕೈ ಹಾಕಿದ್ರೆ ಬದುಕ್ತಿತ್ತಾ, ಗ್ವೆಂಡಾ?"

ಬದುಕುತ್ತಿತ್ತು. ರಸ್ತೆಗೆ ಕೇಳಿಸುವಷ್ಟು ಕೂಗುವ ಶಕ್ತಿ ಇದ್ದ ಮರಿ. ಮೈ ಬೆಚ್ಚಗೆ ಮಾಡಿ, ಹನಿ ಹನಿಯಾಗಿ ನೀರು ಕೊಟ್ಟಿದ್ದರೆ ಮರುದಿನ ಮಧ್ಯಾಹ್ನಕ್ಕೆ ಹಾಲು ಚೀಪುತ್ತಿತ್ತು. ಇದಕ್ಕಿಂತ ಎಷ್ಟೋ ಕಡೆಯಾದವನ್ನು ಉಳಿಸಿದ್ದೇನೆ, ಅವನೇ ತಂದುಕೊಟ್ಟವನ್ನು. ಅದೂ ಅವನಿಗೆ ಗೊತ್ತು.

"ಇಲ್ಲ ನೋಯೆಲ್. ಅಷ್ಟೊತ್ತಿಗಾಗ್ಲೇ ಕೈ ಮೀರಿತ್ತು," ಅಂದೆ. ಮೊದಲ ಸುಳ್ಳಿನಷ್ಟೇ ಸಲೀಸಾಗಿ.

ಅವನು ತಲೆ ಎತ್ತಿ ನನ್ನನ್ನು ನೋಡಿದ. ಕೋಪ ಇರಲಿಲ್ಲ, ಕುಹಕ ಇರಲಿಲ್ಲ. ನಿಜವಾಗಿಯೂ ತಿಳಿಯಬೇಕಾಗಿತ್ತು ಅವನಿಗೆ.

"ಇದನ್ನಾದ್ರೂ ನೋಡಿ ಹೇಳ್ತಿದ್ದೀಯಾ?" ಅಂದ.

ಬಾಯಿ ತೆರೆದೆ. ಅವನು ಕಾಯುತ್ತಿದ್ದ. ನಾನು, "ನೋಡಿಯೇ ಹೇಳ್ತಿದ್ದೀನಿ," ಅಂದೆ.