ಸಂಚಕಾರ ಕೊಡೂಕಿಂತ ಮೊದಲು

ರೀ,

ನಾ ಮೊದಲ್ನೇ ಬಸ್ಸಿಗೆ ಸುರಪುರಕ್ಕ ಹೋಗೀನಿ, ಹಂಪಣ್ಣ ಮೇಸ್ತ್ರಿನ್ನ ಕರ್ಕೊಂಡು ಬರಾಕ. ನಾವು ಕೊಳ್ಳಬೇಕಂದ ಆ ಮನಿ ಮಾಲಕ ಮುಂಗಡ ಸಂಚಕಾರ ಕೇಳಾಕ ಬಂದ್ರ ಚಹಾ ಕೊಟ್ಟು ಕೂಡ್ರಸ್ರಿ. ರೊಕ್ಕ ಮಾತ್ರ ಕೊಡಬ್ಯಾಡ್ರಿ.

“ಮನಿ ತೋರಿಸೀರೇನು?” ಅಂತ ನಾ ಕೇಳಿದ್ರ “ತೋರಿಸೀನಿ” ಅಂದ್ರಿ. ಮೇಸ್ತ್ರಿಗೆ ತೋರಿಸೀರಿ ಅಂತ ನಾ ತಿಳಕೊಂಡೆ. ನೀವು ತೋರಿಸಿದ್ದು ವಾಸ್ತು ನೋಡೋ ಅಯ್ಯನೋರಿಗೆ! ಬಾಗಿಲು ಯಾವ ದಿಕ್ಕಿಗದ ಅಂತ ಅವರು ನೋಡ್ತಾರ. ಎರಿ ಮಣ್ಣಾಗ ಬುನಾದಿ ಕುಸಿದದೇನು ಅಂತ ನೋಡ್ತಾರೇನ್ರಿ?

ನಿನ್ನಿ ಸಂಜಿಕ ನಾನೇ ಹೋಗಿದ್ದೆ. ಹಿಂದಿನ ಖೋಲಿಗಷ್ಟ ಹೊಸ ಬಣ್ಣ ಹಚ್ಯಾರ. “ಅಲ್ಮಾರಿ ಸರಸಬ್ಯಾಡವ್ವಾ, ಭಾಳ ವಜ್ಜಿ ಅದ” ಅಂದ್ಲು ಮಾಲಕನ ಹೆಂಡ್ತಿ. ಆಕಿ ನೀರು ತರಾಕ ಒಳಗ ಹೋದಾಗ ಅಲ್ಮಾರಿ ಹಿಂದ ಕೈ ಹಾಕಿದೆ. ಗೋಡಿ ಬಿರುಕಿನಾಗ ನನ್ನ ಬೆರಳು ಪೂರಾ ಇಳೀತು. ಅದೇ ಖೋಲ್ಯಾಗ ನಿಮ್ಮವ್ವನ ಹೊರಸು ಹಾಕೂನು ಅಂದವ್ರು ನೀವೇ. ಸಂಚಕಾರ ಕೊಟ್ಟು ಆಕಿ ಜೀವಕ್ಕ ಸಂಚಕಾರ ತರೂದು ಬ್ಯಾಡ.

ಮೇಸ್ತ್ರಿ ಬುನಾದಿ ಕೆದರಿ ನೋಡಲಿ, ಛತ್ತಿನ ಮ್ಯಾಲ ನೀರು ನಿಲ್ಲಿಸಿ ನೋಡಲಿ. ಚಲೋ ಅದ ಅಂದ್ರ ನಾನೇ ಮುಂದ ನಿಂತು ಕೊಡಸ್ತೀನಿ. “ಮೇಸ್ತ್ರಿ ಯಾಕ ಬೇಕ್ರಿ?” ಅಂತ ಮಾಲಕ ಅಂದ್ರ, ಉತ್ತರ ಅದರಾಗೇ ಸಿಕ್ಕಂಗ.

ರೊಟ್ಟಿ ಬುಟ್ಟ್ಯಾಗ ಅವ, ಪುಂಡಿಪಲ್ಯಾ ಒಲಿ ಮ್ಯಾಲ ಅದ. ನನ್ನ ಮ್ಯಾಲಿನ ಸಿಟ್ಟಿಗೆ ಉಪಾಸ ಕುಂದ್ರಬ್ಯಾಡ್ರಿ. ಅವ್ವಗ ಗುಳಿಗಿ ಕೊಡೂದು ಮರೀಬ್ಯಾಡ್ರಿ.

ಚೆಕ್ ಬುಕ್ಕಿಗೆ ಟ್ರಂಕ್ ಎಲ್ಲಾ ಜಾಲಾಡಬ್ಯಾಡ್ರಿ. ಅದು ನನ್ನ ಚೀಲದಾಗ ಸುರಪುರಕ್ಕ ಹೊಂಟದ.

ಗುರುದೇವಿ